ಕವುಚಿಟ್ಟ ಹಣತೆಗೆ ಚಪ್ಪಾಳೆ ಇಲ್ಲ

ವಿಜಯದಶಮಿಯಂದು ಸಂಗೀತ ಪಾಠಕ್ಕೆ ಸೇರಿಸುವ ರೂಢಿ ಕಾಸರಗೋಡಿನ ಕಡೆ ಗಟ್ಟಿಯಾಗಿಯೇ ಇದೆ. ಸೇರಿದ ಮಕ್ಕಳಿಗೆ ಮರುದಿನದಿಂದಲೇ ಸರಳೆ ವರಿಸೆ ಎಂಬ ಮೊದಲ ಸ್ವರಪಾಠ, ಅದೂ ಒಂದನೇ ಕಾಲದಲ್ಲಿ, ಅಂದರೆ ಎಲ್ಲಕ್ಕಿಂತ ನಿಧಾನದ ವೇಗದಲ್ಲಿ, ಜತೆಗೆ ಬೆರಳೆಣಿಸಿ ಎಂಟೆಣಿಕೆಯ ಆದಿತಾಳ. ನಾಲ್ಕೈದು ವರ್ಷದ ಮಗುವಿಗೆ ಇದರಲ್ಲಿ ಎರಡು ಕಷ್ಟಗಳು ಒಟ್ಟಿಗೆ ಬರುತ್ತವೆ. ಉಂಗುರ ಬೆರಳು ಆ ವಯಸ್ಸಿನಲ್ಲಿ ಒಂಟಿಯಾಗಿ ಹೇಳಿದ ಮಾತು ಕೇಳುವುದಿಲ್ಲ. ನಿಧಾನ ಕಾಲವನ್ನು ಹಿಡಿದು ನಿಲ್ಲುವುದು ದೊಡ್ಡವರಿಗೇ ಸುಲಭವಲ್ಲ. ದಶಮಿಯಿಂದ ನರಕ ಚತುರ್ದಶಿಗೆ ಸುಮಾರು 19 ದಿನ ಸಿಗುತ್ತದೆ. ಅಷ್ಟು ದಿನ ಬೆರಳನ್ನು ಬದಿಗಿಟ್ಟು ಆಟ ಆಡಿಸಿದರೆ ಮುಂದಿನ ಪಾಠ ಹಗುರಾಗುತ್ತದೆ. 4ರಿಂದ 7 ವರ್ಷದ ಆರೆಂಟು ಮಕ್ಕಳು, ಒಂದು ಚಾವಡಿ, 20 ನಿಮಿಷ ಸಾಕು.

ಎಲ್ಲಕ್ಕಿಂತ ಮೊದಲು ಆಡಿಸಬೇಕಾದದ್ದು ಹಣತೆಯ ಆಟ. ಎಣ್ಣೆ ಕಾಣದ ಹೊಸ ಮಣ್ಣಿನ ಹಣತೆ ಎಂಟು ಬೇಕು. ಬೆಂಕಿಯ ಕೆಲಸವೇ ಇಲ್ಲ. ಚಾಪೆಯ ಮೇಲೆ ಗೇಣಿಗೊಂದರಂತೆ ದುಂಡಗೆ ಇಡಿ. ಸಾಲಾಗಿ ಇಟ್ಟರೆ ಎಂಟನೆಯದರಿಂದ ಒಂದನೆಯದಕ್ಕೆ ತೋರಿಸುವವರ ಕೈ ಅಷ್ಟುದ್ದ ಹಿಂದೆ ಬರಬೇಕಾಗುತ್ತದೆ. ಪ್ರತಿ ಸುತ್ತಿನಲ್ಲೂ ಅಲ್ಲೊಂದು ಚೂರು ತಡವಾಗಿ, ಆ ತಡವನ್ನೇ ಮಕ್ಕಳು ತಾಳವೆಂದು ಕಲಿತುಬಿಡುತ್ತಾರೆ. ದುಂಡಗೆ ಇಟ್ಟಾಗ ಶುರು ಎಲ್ಲಿ ಎಂದು ತಿಳಿಯದು, ಆದ್ದರಿಂದ ಒಂದನೇ ಹಣತೆಯ ಪಕ್ಕ ಕೇಪಳದ ಹೂಗೊಂಚಲೊಂದನ್ನು ಇಡಿ. ಅದೇ ಸಮ, ತಾಳದ ಸುತ್ತು ಶುರುವಾಗುವ ಪೆಟ್ಟು.

ಬಾಯಿ ಮೇಲಾಗಿದ್ದ ಹಣತೆಗೆ ಚಪ್ಪಾಳೆ, ಕವುಚಿಟ್ಟದ್ದಕ್ಕೆ ಇಲ್ಲ. ಹಿಡಿಸೂಡಿಯ (ಪೊರಕೆಯ) ಕಡ್ಡಿಯಿಂದ ಒಂದೊಂದನ್ನೇ ಮುಟ್ಟುತ್ತ ಹೋಗಿ. ವೇಗ ನಿಮಿಷಕ್ಕೆ 100ರಿಂದ 120 ಪೆಟ್ಟು, ಅಂದರೆ ಮಗು ಚುರುಕಾಗಿ ನಡೆಯುವ ವೇಗ. ಮೇಷ್ಟ್ರಿಗೆ ಹಿತವಾದ 60ರಲ್ಲಿ ಶುರುಮಾಡಿದರೆ ಎರಡು ಪೆಟ್ಟಿನ ನಡುವೆ ಮಗು ಕಾದು ಬೇಸತ್ತು ಮುಂದಕ್ಕೆ ಹಾರುತ್ತದೆ. ಮೊದಲು ಎಂಟೂ ಮೇಲ್ಮುಖ. ಆಮೇಲೆ 8ನೆಯದನ್ನು ಮಾತ್ರ ಕವುಚಿ. ಅದು ಸಲೀಸಾದ ಮೇಲೆ 4 ಮತ್ತು 8. ಆಮೇಲೆ 7 ಮತ್ತು 8 ಒಟ್ಟಿಗೆ. ಇಲ್ಲಿ ನಿಜವಾದ ಪರೀಕ್ಷೆ. ಕೇಪಳದ ಹಣತೆಯನ್ನು ಕವುಚುವುದು ಎಲ್ಲಕ್ಕಿಂತ ಕೊನೆಗೆ, ಯಾಕೆಂದರೆ ಸಮದಲ್ಲಿ ಸದ್ದಿಲ್ಲದಿದ್ದರೆ ಇಡೀ ಗುಂಪು ಎರಡನೆಯದನ್ನೇ ಒಂದು ಎಂದುಕೊಂಡು ಜಾರುತ್ತದೆ.

ಸದ್ದಿಲ್ಲದ ಹಣತೆಯನ್ನು ಮಕ್ಕಳು ನುಂಗುವುದು ಮಾಮೂಲು. ಅದು ಗಮನ ತಪ್ಪಿದ್ದರಿಂದಲ್ಲ. ಆ ಹೊತ್ತಿಗೆ ಕೈಗೆ ಕೆಲಸವಿಲ್ಲ, ಕೆಲಸವಿಲ್ಲದ ಕೈ ಕಾಯುವುದಿಲ್ಲ. ಅಲ್ಲಿ ಎರಡೂ ಕೈಗಳನ್ನು ಭುಜದಗಲ ಹೊರಗೆ ಬಿಡಿಸಲು ಹೇಳಿ. ಬಿಡಿಸಲು ಹಿಡಿಯುವ ಹೊತ್ತೂ ತಟ್ಟಲು ಹಿಡಿಯುವ ಹೊತ್ತೂ ಒಂದೇ ಆಗುತ್ತದೆ. ಆದಿತಾಳದ ದ್ರುತದಲ್ಲಿ, ಅಂದರೆ ಒಂದು ತಟ್ಟು ಒಂದು ಬಿಡಿತದ ಎರಡೆಣಿಕೆಯ ಭಾಗದಲ್ಲಿ, ಬರುವ ಬಿಡಿತ ಹೀಗೆ ಹೆಸರಿಲ್ಲದೆಯೇ ಕೈಗೆ ಹತ್ತಿತು. ಖಾಲಿ ಜಾಗಕ್ಕೆ ‘ಶ್’ ಎನ್ನಿಸುವ ಉಪಾಯ ನನಗೆ ಒಪ್ಪಿಗೆಯಿಲ್ಲ. ‘ಶ್’ ಕೂಡ ಸದ್ದೇ. ಆಮೇಲೆ ಅದನ್ನು ಬಿಡಿಸುವುದೊಂದು ಬೇರೆ ಪಾಡು.

ಹಬ್ಬದ ತಿಂಡಿಗಳಿಂದ ತಾಳದ ಜಾತಿಗಳನ್ನು, ಅಂದರೆ ಮೂರು, ನಾಲ್ಕು, ಐದು, ಏಳರ ಎಣಿಕೆಗಳನ್ನು, ಹೇಳಿಕೊಡಬಹುದು, ಆದರೆ ಅಕ್ಷರ ಎಣಿಸಿದರೆ ಕೆಟ್ಟಿತು, ಮಾತ್ರೆ ಎಣಿಸಬೇಕು: ಲಘುವಿಗೆ ಒಂದು, ಗುರುವಿಗೆ ಎರಡು. ಕಡುಬು ಮೂರು ಮಾತ್ರೆ, ಮೂರರ ಸೊಲ್ಲಾದ ತಕಿಟಕ್ಕೆ ಸರಿ. ಚಕ್ಕುಲಿಯೂ ಬರೆದಾಗ ಮೂರೇ ಅಕ್ಷರ, ಆದರೆ ‘ಚಕ್’ ಗುರು, ಆದ್ದರಿಂದ ನಾಲ್ಕು ಮಾತ್ರೆ. ಅದನ್ನು ತಕಿಟಕ್ಕೆ ಜೋಡಿಸಿದವರ ಮಕ್ಕಳು ಪ್ರತಿ ಸಲವೂ ಹಿಂದೆ ಬೀಳುತ್ತಾರೆ. ಚಕ್ಕುಲಿ, ಹೋಳಿಗೆ, ಪಾಯಸ ಇವೆಲ್ಲ ನಾಲ್ಕರ ಸೊಲ್ಲಾದ ತಕಧಿಮಿಯ ಪಂಕ್ತಿಯವು. ಅವಲಕ್ಕಿ ಐದು, ಅದೂ ‘ಅವ-ಲಕ್ಕಿ’ ಎಂದು ಎರಡು-ಮೂರಾಗಿ ಒಡೆಯುತ್ತದೆ, ತಕ-ತಕಿಟ ಇದ್ದ ಹಾಗೆಯೇ. ಇನ್ನು ‘ಕಡುಬು ಹೋಳಿಗೆ, ಕಡುಬು ಹೋಳಿಗೆ’ ಎನ್ನುತ್ತ ಎರಡು ಪದಗಳ ಮೊದಲಿಗೆ ಮಾತ್ರ ಒಂದೊಂದು ತಟ್ಟಿದರೆ ಮೂರು-ನಾಲ್ಕರ ಏಳು. ಏಳೆಣಿಕೆಯ ತಾಳವಾದ ಮಿಶ್ರ ಚಾಪು ಕಷ್ಟ ಎನ್ನುವವರು ಐದು ವರ್ಷದವರಿಂದ ಇದನ್ನು ಹೇಳಿಸಿ ನೋಡಬೇಕು. ಮನೆಮಾತು ತುಳುವೋ ಕೊಂಕಣಿಯೋ ಮಲಯಾಳವೋ ಆಗಿದ್ದ ಮಗು ಬಂದರೆ ತಿಂಡಿಯ ಹೆಸರನ್ನು ಅದರ ಬಾಯಿಂದಲೇ ಹೇಳಿಸಿ, ದೀರ್ಘವನ್ನೂ ಒತ್ತನ್ನೂ ಕೇಳಿಕೊಂಡು ಮಾತ್ರೆ ಹಾಕಿ. ಪುಸ್ತಕದ ಉಚ್ಚಾರ ಬೇಡ.

ನವರಾತ್ರಿಯ ಹುಲಿವೇಷವನ್ನು ಮಕ್ಕಳು ನೀವು ಹೇಳದೆಯೇ ಆಡುತ್ತಾರೆ. ಹುಲಿವೇಷಕ್ಕೆ ಬಾರಿಸುವ ತಾಸೆ ಎಂಬ ಚರ್ಮವಾದ್ಯ ಮನೆಯೊಳಗೆ ಕಿವಿ ಹರಿಯುತ್ತದೆ. ಬದಲಿಗೆ ಚೆನ್ನಾಗಿ ಒಣಗಿದ ಅಡಿಕೆ ಹಾಳೆಯನ್ನು ನೆಲಕ್ಕೆ ಕವುಚಿ ಎರಡು ತೆಳು ಕಡ್ಡಿಗಳಿಂದ ಬಾರಿಸಿ. ಚಟಚಟ ಎನ್ನುವ ಒಣ ಸದ್ದು, ತಾಸೆಗೆ ಹತ್ತಿರ. ಹಸಿ ಹಾಳೆ, ಮಳೆಗೆ ತಂಪು ಹಿಡಿದ ಹಾಳೆ ಎರಡೂ ದೊಪ್ಪೆನ್ನುತ್ತವೆ. ಬಿಸ್ಕತ್ತಿನ ಡಬ್ಬಿ ಬೇಡ, ಅದರ ಝೇಂಕಾರ ಮುಂದಿನ ಪೆಟ್ಟನ್ನು ಮುಚ್ಚುತ್ತದೆ. ಬಾರಿಸುವಾಗ ಹುಲಿ ಹೆಜ್ಜೆ, ನಿಂತಾಗ ಹುಲಿ ಕಲ್ಲು. ಎಲ್ಲರೂ ತಪ್ಪುವುದು ನಿಲ್ಲಿಸುವ ಜಾಗದಲ್ಲಿ: ಮನಸ್ಸಿಗೆ ಬಂದಲ್ಲಿ ನಿಲ್ಲಿಸಿದರೆ ಅದು ಬೆಚ್ಚಿಬೀಳಿಸುವ ಆಟ, ಲಯದ ಆಟವಲ್ಲ. ಎಂಟು ಬಾರಿಸಿ, ಒಂಬತ್ತನೆಯದಕ್ಕೆ ನಿಲ್ಲಿಸಿ, ಪ್ರತಿ ಸಲವೂ ಹಾಗೆಯೇ. ಸ್ವಲ್ಪ ಹೊತ್ತಿಗೆ ಮಕ್ಕಳು ನಿಮಗಿಂತ ಮೊದಲೇ ನಿಲ್ಲಲು ಸಜ್ಜಾಗುತ್ತಾರೆ. ಆಗ ಹದಿನಾರಕ್ಕೆ ಏರಿಸಿ.

ಗೆರಟೆ (ತೆಂಗಿನ ಚಿಪ್ಪು) ತಾಳಕ್ಕೆ ಎಂಟು-ಒಂಬತ್ತು ಸೆಂಟಿಮೀಟರ್ ಅಗಲದ ಚಿಕ್ಕ ಗೆರಟೆ ಆರಿಸಿ. ನಾರು ಕೆರೆದು, ಅಂಚನ್ನು ಉಪ್ಪುಕಾಗದದಲ್ಲಿ ಸಮತಟ್ಟಾಗುವವರೆಗೆ ಉಜ್ಜಿ. ಕಾಯಿಯ ತುಣುಕು ಉಳಿದರೆ ಬೂಸು ಹಿಡಿದು ಸದ್ದು ಸಾಯುತ್ತದೆ, ಬಿರುಕಿದ್ದರೆ ಗರಗರ ಎನ್ನುತ್ತದೆ. ಎಲ್ಲರಿಗೂ ಕೊಡಬೇಡಿ. ಇಬ್ಬರಿಗೆ ಒಂದು ಜೋಡಿ, ಸುತ್ತು ಮುಗಿದಾಗ ಕೈ ಬದಲು. ಎಂಟು ಜೋಡಿ ಒಟ್ಟಿಗೆ ಬಡಿದರೆ ಯಾರ ಪೆಟ್ಟು ಎಲ್ಲಿ ಬಿತ್ತೆಂದು ಅವರಿಗೂ ಕೇಳದು, ನಿಮಗೂ ಕೇಳದು. ಜಾಗಟೆ ತಂದರೆ ಹಿಂದೆ ಬಟ್ಟೆ ಒತ್ತಿ ಹಿಡಿಯಿರಿ. ಚಕ್ರತಾಳ ಎಂಬ ಲೋಹದ ತಾಳದ ಜೋಡಿ ಒಬ್ಬರ ಕೈಯಲ್ಲಿ, ಸಮಕ್ಕೆ ಮಾತ್ರ.

ದೀಪಾವಳಿಗೆ ಬಲೀಂದ್ರನನ್ನು ‘ಕೂ’ ಎಂದು ಕರೆಯುವುದನ್ನು ಕೇಳಿದ ಮಕ್ಕಳಿಗೆ ಕೊನೆಯ ಆಟ ತಾನಾಗಿ ಬರುತ್ತದೆ. ‘ಕೂ’ ಎಂದು ಎಳೆಯುತ್ತ ತೊಡೆಯ ಮೇಲೆ ನಾಲ್ಕು ತಟ್ಟಬೇಕು, ಐದನೆಯದಕ್ಕೆ ಸರಿಯಾಗಿ ದನಿ ನಿಲ್ಲಿಸಬೇಕು. ದನಿ ಎಳೆದಾಗ ಕೈಯೂ ಅದರ ಜತೆ ನಿಂತುಬಿಡುತ್ತದೆ, ಹೆಚ್ಚಿನವರಿಗೆ ಹಾಗೆಯೇ. ಹಿಂದೆ ಕೂತ ಮಗು ಮುಂದಿನವನ ಬೆನ್ನಿಗೆ ಮೆಲ್ಲಗೆ ತಟ್ಟುತ್ತಿದ್ದರೆ ಕೈ ನಿಲ್ಲುವುದಿಲ್ಲ. ಎರಡು ಮೂರು ಸುತ್ತಿನ ನಂತರ ಬೆನ್ನಿನ ಕೈ ತೆಗೆಸಿ. ನಾಲ್ಕು ನಿಂತವರಿಗೆ ಎಂಟು ಕೊಡಬಹುದು. ಅದಕ್ಕಿಂತ ಉದ್ದ ಬೇಡ, ಉಸಿರು ಸಾಲದೆ ಶ್ರುತಿ ಕೆಳಗೆ ಜಾರುತ್ತದೆ, ಗಂಟಲು ಬಿಗಿದು ಕಿರುಚಾಟವಾಗುತ್ತದೆ.