ಕೂಗಲ್‌ಗೆ ಕೊಡಗಿನ ಕಾಳುಮೆಣಸು

ಕೂಗಲ್ ಎಂದರೆ ಶಾವಿಗೆ ಅಥವಾ ಆಲೂಗಡ್ಡೆಗೆ ಮೊಟ್ಟೆ ಬೆರೆಸಿ ಓವನ್‌ನಲ್ಲಿ ಬೇಯಿಸುವ ತಿನಿಸು. ಪೂರ್ವ ಯುರೋಪಿನ ಯಹೂದಿಗಳ ಸಬ್ಬತ್ (ವಾರದ ವಿಶ್ರಾಂತಿ ದಿನ) ಊಟದ ಈ ಕೂಗಲ್‌ನಲ್ಲಿ ಸಿಹಿಯೂ ಉಂಟು, ಖಾರವೂ ಉಂಟು. ಜೆರುಸಲೇಮಿನ ಬಗೆಯಲ್ಲಿ ಎರಡೂ ಒಟ್ಟಿಗೆ: ಕಂದು ಬಣ್ಣಕ್ಕೆ ಕಾಯಿಸಿದ ಸಕ್ಕರೆ, ಧಾರಾಳ ಕಾಳುಮೆಣಸು. ಕೊಡಗಿನ ಅಡುಗೆಮನೆಗೆ ಹೇಳಿಮಾಡಿಸಿದ್ದು ಇದೇ.

250 ಗ್ರಾಂ ಗೋಧಿ ಶಾವಿಗೆ ಬೇಯಿಸಿ, ಬಸಿದು, ಮುಚ್ಚಿ ಬಿಸಿಯಾಗಿಡಿ. (ನೂಪುಟ್ಟಿನ ಅಕ್ಕಿ ಎಳೆ ಬೇಡ, ಮುದ್ದೆಯಾಗುತ್ತದೆ.) ದಪ್ಪ ತಳದ ಪಾತ್ರೆಯಲ್ಲಿ 100 ಮಿ.ಲೀ. ಎಣ್ಣೆ, 130 ಗ್ರಾಂ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಗಾಢ ಜೇನಿನ ಬಣ್ಣ ಬರುವವರೆಗೆ ಕಾಯಿಸಿ. ಮಳೆಗಾಲದಲ್ಲಿ ತೇವ ಹಿಡಿದ ಸಕ್ಕರೆ ಬಿಸಿ ಎಣ್ಣೆಯಲ್ಲಿ ಸಿಡಿಯುತ್ತದೆ, ಮೊದಲೇ ಒಣಗಿಸಿಕೊಳ್ಳಿ. ಬಿಸಿ ಶಾವಿಗೆಯನ್ನು ಇದಕ್ಕೆ ಹಾಕಿ ತಿರುವಿ. ಶಾವಿಗೆ ತಣ್ಣಗಿದ್ದರೆ ಸಕ್ಕರೆ ಗಟ್ಟಿ ಹರಳಾಗುತ್ತದೆ. ಗಾಬರಿ ಬೇಡ, ಸಣ್ಣ ಉರಿಯಲ್ಲೇ ತಿರುವುತ್ತಿದ್ದರೆ ಕರಗುತ್ತದೆ. ಉಗುರುಬೆಚ್ಚಗಾದ ಮೇಲೆಯೇ 4 ಮೊಟ್ಟೆ ಬೆರೆಸಿ. ಅವಸರಪಟ್ಟರೆ ಬುರ್ಜಿ! ಉಪ್ಪು ಒಂದೂವರೆ ಟೀ ಚಮಚ, ಆಗಷ್ಟೇ ಕುಟ್ಟಿದ ಮೆಣಸು 2 ಟೀ ಚಮಚ. ಹಳೆಯ ಮೆಣಸಿನ ಪುಡಿಯಲ್ಲಿ ಘಮವಿರುವುದಿಲ್ಲ. 175 ಡಿಗ್ರಿ ಓವನ್‌ನಲ್ಲಿ ಒಂದು ಗಂಟೆ.

ಆಲೂಗಡ್ಡೆ ಕೂಗಲ್‌ಗೆ ಸಕ್ಕರೆ ಬೇಡ. 1 ಕೆ.ಜಿ. ಆಲೂಗಡ್ಡೆ, 1 ಈರುಳ್ಳಿ ತುರಿದು ನೀರು ಹಿಂಡಿ, 4 ಮೊಟ್ಟೆ, 2 ಟೀ ಚಮಚ ಉಪ್ಪು ಬೆರೆಸಿ. ಟ್ರೇಯಲ್ಲಿ ಎಣ್ಣೆ ಚೆನ್ನಾಗಿ ಕಾದಿರಬೇಕು, ಇಲ್ಲದಿದ್ದರೆ ಅಂಚು ಗರಿಗರಿಯಾಗದು. 200 ಡಿಗ್ರಿ, ಒಂದು ಗಂಟೆ. ತುರಿದ ಆಲೂಗಡ್ಡೆಯನ್ನು ತುಂಬಾ ಹೊತ್ತು ಹಾಗೇ ಇಟ್ಟರೆ ಕಪ್ಪಾಗುತ್ತದೆ.

ಪನೀರ್, ಮೊಸರು, ಒಣದ್ರಾಕ್ಷಿಯ ಸಿಹಿ ಬಗೆಯನ್ನು ಮಾಂಸದೂಟಕ್ಕೆ ಬಡಿಸುವುದಿಲ್ಲ. ಕೋಷರ್ ಎಂಬ ಯಹೂದಿ ಆಹಾರ ನಿಯಮದಲ್ಲಿ ಹಾಲು, ಮಾಂಸ ಸೇರುವಂತಿಲ್ಲ. ಆಲೂಗಡ್ಡೆ ಕೂಗಲ್ ಕೊಡಗಿನ ಪಂದಿ ಕರಿಗೆ (ಹಂದಿ ಮಾಂಸದ ಅಡುಗೆ) ಒಪ್ಪುತ್ತದೆ, ಆದರೆ ಆ ಜೋಡಿ ಖಂಡಿತ ಕೋಷರ್ ಅಲ್ಲ.