ಬೆಲ್ಲದ ಧಾರಣೆಯೂ ಹ್ಯಾರಿ ಸೆಲ್ಡನ್‌ನ ಲೆಕ್ಕವೂ

ಮಂಡ್ಯ ಸೀಮೆಯ ಕಬ್ಬು ಬೆಳೆಯುವ ಮನೆಯಲ್ಲಿ ಹುಟ್ಟಿದ ನಾನು ಐಸಾಕ್ ಅಸಿಮೊವ್ ಅವರ ‘ಫೌಂಡೇಷನ್’ ಎಂಬ ವೈಜ್ಞಾನಿಕ ಕಥಾ ಸರಣಿಯನ್ನು ಮೊದಲು ಓದಿದ್ದು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ. ಈ ಬೇಸಿಗೆಯಲ್ಲಿ ಊರಿನಲ್ಲಿದ್ದು ಮತ್ತೊಮ್ಮೆ ಓದಿದೆ. 1942ರಿಂದ ಬಿಡಿ ಕಥೆಗಳಾಗಿ ಪ್ರಕಟವಾಗಿ, 1951ರಿಂದ 1953ರೊಳಗೆ ಮೂರು ಪುಸ್ತಕಗಳಾದ ಈ ಸರಣಿಯಲ್ಲಿ ಹ್ಯಾರಿ ಸೆಲ್ಡನ್ ಎಂಬ ಗಣಿತಜ್ಞ ಜನಸಮೂಹದ ಭವಿಷ್ಯವನ್ನು ಲೆಕ್ಕಹಾಕಿ ಹೇಳುವ ‘ಸೈಕೋಹಿಸ್ಟರಿ’ ಎಂಬ ಶಾಸ್ತ್ರವನ್ನು ಕಟ್ಟುತ್ತಾನೆ. ಇಡೀ ಗೆಲಾಕ್ಸಿಯನ್ನು ಆಳುವ ಸಾಮ್ರಾಜ್ಯ ಕುಸಿದ ಮೇಲೆ 30,000 ವರ್ಷ ಕವಿಯಬೇಕಾದ ಕತ್ತಲನ್ನು 1,000 ವರ್ಷಕ್ಕೆ ಇಳಿಸಬಹುದೆಂಬುದು ಅವನ ಲೆಕ್ಕ.

ಅನಿಲದ ಒಂದೊಂದು ಅಣು ಎತ್ತ ಹಾರುವುದೆಂದು ಹೇಳಲಾಗದಿದ್ದರೂ ಕೋಟ್ಯಂತರ ಅಣುಗಳ ಒಟ್ಟು ಒತ್ತಡವನ್ನು ನಿಖರವಾಗಿ ಹೇಳಬಹುದು. ಮನುಷ್ಯರ ಮಹಾಸಮೂಹಕ್ಕೂ ಅದೇ ನಿಯಮ ಸಲ್ಲುತ್ತದೆ ಎಂಬುದು ಈ ಶಾಸ್ತ್ರದ ತಳಹದಿ. ಆದರೆ ಅದಕ್ಕೊಂದು ಷರತ್ತಿದೆ: ಭವಿಷ್ಯ ಏನೆಂದು ಆ ಜನರಿಗೆ ತಿಳಿದಿರಬಾರದು. ಮೊದಲ ಓದಿನಲ್ಲಿ ನಾನು ಗಮನಿಸದೆ ದಾಟಿಹೋಗಿದ್ದ ಈ ಮಾತು ಈ ಸಲ ನನ್ನನ್ನು ಹಿಡಿದು ನಿಲ್ಲಿಸಿತು.

ಏಕೆಂದರೆ ನಮ್ಮ ಆಲೆಮನೆಗಳ ಸುತ್ತ ನಾನು ಕಂಡಿರುವುದೂ ಇದನ್ನೇ. ಬರುವ ವರ್ಷ ಬೆಲ್ಲದ ಧಾರಣೆ ಏರುತ್ತದೆಂಬ ಸುದ್ದಿ ಹಬ್ಬಿದರೆ ಊರಿಗೆ ಊರೇ ಕಬ್ಬು ನಾಟಿ ಮಾಡುತ್ತದೆ. ಅದು ಕಟಾವಿಗೆ ಬರಲು ಹೆಚ್ಚುಕಡಿಮೆ ಒಂದು ವರ್ಷ ಬೇಕಾದುದರಿಂದ, ಎಲ್ಲರ ಬೆಲ್ಲವೂ ಒಟ್ಟಿಗೆ ಮಾರುಕಟ್ಟೆಗೆ ಬಂದು ಧಾರಣೆ ಬೀಳುತ್ತದೆ. ಏರುತ್ತದೆಂಬ ಮಾತೇ ಅದನ್ನು ಇಳಿಸಿರುತ್ತದೆ. ಅಣುವಿಗೆ ಕಿವಿಯಿಲ್ಲ, ಬೇಸಾಯಗಾರನಿಗಿದೆ. ಆದುದರಿಂದ ಸೆಲ್ಡನ್‌ನ ಯೋಜನೆಗೆ ಗುಟ್ಟೇ ಆಧಾರ, ಗುಟ್ಟನ್ನು ಕಾಯಲು ಕಾವಲುಗಾರರು ಬೇಕು. ಈ ಯೋಜನೆಗಾಗಿ ಸೆಲ್ಡನ್ ಸ್ಥಾಪಿಸಿದ ಎರಡು ಸಂಸ್ಥೆಗಳಲ್ಲಿ ಮರೆಯಲ್ಲಿರುವ, ಜನರ ಮನಸ್ಸನ್ನೇ ತಿದ್ದಬಲ್ಲ ‘ಎರಡನೆಯ ಫೌಂಡೇಷನ್’ ಆ ಕಾವಲು. ತಾನು ಅಳಿದುಹೋಯಿತೆಂದು ಲೋಕ ನಂಬಲಿ ಎಂದು ಅದು ತನ್ನವರೇ ಐವತ್ತು ಮಂದಿಯನ್ನು ಬಲಿಕೊಡುತ್ತದೆ. ಮ್ಯೂಲ್ ಎಂಬ ಒಬ್ಬನೇ ಅಸಾಮಾನ್ಯನಿಂದ ಲೆಕ್ಕವೆಲ್ಲ ತಲೆಕೆಳಗಾಗುವುದನ್ನು ವಿಮರ್ಶಕರು ದೊಡ್ಡದಾಗಿ ಚರ್ಚಿಸುತ್ತಾರೆ. ನನಗೆ ಆ ಐವತ್ತು ಮಂದಿಯೇ ಹೆಚ್ಚು ಕಾಡುತ್ತಾರೆ. ಒಳಿತಿಗಾಗಿಯೇ ಆದರೂ, ತಿಳಿಸದೆ ನಡೆಸುವವರು ಕೇಳುವವರಿಲ್ಲದ ಒಡೆಯರಾಗುತ್ತಾರೆಂದು ನಾನು ನಂಬುತ್ತೇನೆ.

ಜನರ ಮುಂದಿನ ಬದುಕನ್ನು ತಿರುಗಿಸಿದ ಯೋಜನೆ ನಮ್ಮಲ್ಲಿಯೂ ನಡೆದಿದೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸಕ್ಕೆ ಮದರಾಸು ಸರ್ಕಾರ ಅಡ್ಡಿ ಮಾಡಿತು, ವ್ಯಾಜ್ಯ 1924ರ ಒಪ್ಪಂದದವರೆಗೂ ಎಳೆಯಿತು, ಹಳೆಯ ಕನ್ನಂಬಾಡಿ ಮುಳುಗಿತು. ಮನೆ ಕಳೆದುಕೊಂಡವರ ನೋವನ್ನು ಸಣ್ಣದೆನ್ನಲಾರೆ; ಆದರೆ ಏನಾಗುತ್ತಿದೆಯೆಂದು ಅವರಿಗೆ ಗೊತ್ತಿತ್ತು, ಯಾರನ್ನು ಬಯ್ಯಬೇಕೆಂಬುದೂ ಗೊತ್ತಿತ್ತು. ನಾಲೆಯ ನೀರು ಬಂದ ಮೇಲೆ ರಾಗಿಯ ಹೊಲಗಳು ಭತ್ತ, ಕಬ್ಬಿನ ಗದ್ದೆಗಳಾದವು.

ಆ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಇಂದಿನ ಮಟ್ಟ ಎಷ್ಟೆಂಬುದು ಪ್ರತಿದಿನ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ನಮ್ಮ ತಂದೆಯವರು ಮಳೆಗಾಲದುದ್ದಕ್ಕೂ ಬೆಳಿಗ್ಗೆ ಮೊದಲು ನೋಡುವುದು ಆ ಅಂಕಿಯನ್ನು. ಭತ್ತಕ್ಕೆ ಒಟ್ಲು ಬಿಡುವುದೋ, ರಾಗಿಯೇ ಸಾಕೋ ಎಂಬುದನ್ನು ಅವರು ಅದನ್ನು ನೋಡಿಯೇ ತೀರ್ಮಾನಿಸುತ್ತಾರೆ.