‘ಕೋಪ’ ಎಂಬ ಒಂದೇ ಉತ್ತರ

18 ಜುಲೈ 2024, ಗುರುವಾರ

ಎರಡನೆಯ ವರ್ಷದ ಬಿ.ಎ. ವಿದ್ಯಾರ್ಥಿಗಳಿಗೆ ಕೊಟ್ಟಿದ್ದ ಅನುವಾದದ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ಈ ಸಂಜೆ ತಿದ್ದಲು ಕುಳಿತೆ. ಐದು ಇಂಗ್ಲಿಷ್ ವಾಕ್ಯಗಳಲ್ಲಿ ಆ್ಯಂಗರ್, ರೇಜ್, ರಿಸೆಂಟ್‌ಮೆಂಟ್, ಔಟ್‌ರೇಜ್, ಇಂಡಿಗ್ನೇಶನ್ ಎಂಬ ಐದು ಪದಗಳಿದ್ದವು. ಹೆಚ್ಚಿನವರು ಐದಕ್ಕೂ ‘ಕೋಪ’ ಎಂದೇ ಬರೆದಿದ್ದರು. ಕೆಲವರು ರೇಜ್ ಬಂದ ಕಡೆ ‘ತುಂಬಾ ಕೋಪ’ ಎಂದು ಸೇರಿಸಿದ್ದರು. ತಪ್ಪು ಮಕ್ಕಳದ್ದಷ್ಟೇ ಅಲ್ಲ. ಈ ಪದಗಳನ್ನು ಒಲೆಯ ಉರಿಯಂತೆ ಸಣ್ಣದು, ದೊಡ್ಡದು ಎಂದು ಸಾಲಾಗಿ ಜೋಡಿಸಿ ಕಲಿಸಿದವರು ನಾವೇ. ಸಿಟ್ಟು ಯಾರ ಮೇಲೆ, ಯಾವ ಕಾರಣಕ್ಕೆ, ಎಷ್ಟು ದಿನದಿಂದ ಎಂಬುದನ್ನೂ ಈ ಪದಗಳು ಹೇಳುತ್ತವೆ ಎಂದು ನಾನು ತರಗತಿಯಲ್ಲಿ ಬಿಡಿಸಿ ಹೇಳಿರಲಿಲ್ಲ.

ಆ್ಯಂಗರ್ ಇಂಗ್ಲಿಷಿಗೆ ಬಂದದ್ದು ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಿಂದ. ಅಲ್ಲಿ ಅದಕ್ಕೆ ದುಃಖ, ಸಂಕಟ ಎಂಬ ಅರ್ಥವಿತ್ತು. ಬಿಗಿದು ಇಕ್ಕಟ್ಟಾಗುವುದನ್ನು ಸೂಚಿಸುವ ಬೇರಿನಿಂದ ಅದೂ, ಆಂಗ್ವಿಶ್ (ಯಾತನೆ), ಆ್ಯಂಗ್ಸೈಟಿ (ಆತಂಕ) ಎಂಬ ಪದಗಳೂ ಹುಟ್ಟಿವೆ. ನಾವು ದಿನವೂ ಬಳಸುವ ‘ಸಂಕಟ’ಕ್ಕೂ ಸಂಸ್ಕೃತದಲ್ಲಿ ಇಕ್ಕಟ್ಟು ಎಂಬ ಅರ್ಥವಿದೆ ಎಂಬುದು ನೆನಪಾಗಿ, ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ರೇಜ್‌ನ ಮೂಲ ಲ್ಯಾಟಿನ್ನಿನ ‘ರೇಬೀಸ್’, ಹುಚ್ಚುನಾಯಿ ಕಚ್ಚಿದಾಗ ನಾವು ಹೆದರುವ ಅದೇ ರೇಬೀಸ್. ಔಟ್‌ರೇಜ್ ಕಂಡೊಡನೆ ‘ಹೊರಗೆ ಬಂದ ರೇಜ್’ ಎಂದು ಒಡೆಯುವ ಆಸೆ ಯಾರಿಗಾದರೂ ಆಗುತ್ತದೆ, ಆದರೆ ಆ ಎರಡಕ್ಕೂ ಹುಟ್ಟಿನ ಸಂಬಂಧವಿಲ್ಲ. ‘ಆಚೆಗೆ’ ಎಂಬ ಅರ್ಥದ ಲ್ಯಾಟಿನ್ ‘ಅಲ್ಟ್ರಾ’ದಿಂದ ಫ್ರೆಂಚಿನ ಮೂಲಕ ಬಂದ ಅದು ಮೊದಲಿಗೆ ಸೂಚಿಸಿದ್ದು ಮೇರೆ ಮೀರಿದ ನಡತೆಯನ್ನು.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ರಿಸೆಂಟ್‌ಮೆಂಟ್ ಮತ್ತು ಇಂಡಿಗ್ನೇಶನ್. ಜೋಸೆಫ್ ಬಟ್ಲರ್ ಎಂಬ ಇಂಗ್ಲಿಷ್ ಪಾದ್ರಿ 1726ರಲ್ಲಿ ಅಚ್ಚಾದ ತನ್ನ ಪ್ರವಚನಗಳಲ್ಲಿ ಥಟ್ಟನೆ ಏಳುವ ಸಿಟ್ಟನ್ನೂ ನೆಲೆಯೂರಿ ನಿಲ್ಲುವ ಸಿಟ್ಟನ್ನೂ ಬೇರೆ ಮಾಡಿ ನೋಡಿದ್ದಾನೆ. ಮೊದಲನೆಯದು ಪೆಟ್ಟು ಬಿದ್ದರೆ ಸಾಕು, ಏಳುತ್ತದೆ. ಎರಡನೆಯದಕ್ಕೆ ಅನ್ಯಾಯವಾಗಿದೆ ಎಂಬ ತಿಳಿವಳಿಕೆ ಬೇಕು. ಕಟ್ಟುಕತೆಯಲ್ಲಿ ಯಾರೋ ಯಾರಿಗೋ ದ್ರೋಹ ಬಗೆದದ್ದನ್ನು ಓದಿದರೂ ನಮ್ಮ ಮನಸ್ಸು ಕೆರಳುತ್ತದೆ ಎಂಬುದನ್ನೂ ಅವನು ಗಮನಿಸಿದ್ದ. ಇಂಗ್ಲಿಷ್ ಇಂಡಿಗ್ನೇಶನ್ ಎನ್ನುವುದು ಇದನ್ನೇ. ‘ಇದು ತಕ್ಕದ್ದಲ್ಲ’ ಎಂಬ ಮಾತು ಆ ಪದದ ಲ್ಯಾಟಿನ್ ಮೂಲದಲ್ಲೇ ಇದೆ, ಪೆಟ್ಟು ತಿಂದವರು ನಾವೇ ಆಗಿರಬೇಕಿಲ್ಲ. ರಿಸೆಂಟ್‌ಮೆಂಟ್ ಇಂದಿನ ಬಳಕೆಯಲ್ಲಿ ಹಾಗಲ್ಲ. ಅದು ನನಗಾದ ನೋವನ್ನು ಹೊರಗೆ ಹಾಕದೆ ಮನಸ್ಸಿನಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಮೆಲುಕು ಹಾಕುವ ಸಿಟ್ಟು.

ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಸಿಡುಕು, ಮುಂಗೋಪ, ರೋಷ, ಆಕ್ರೋಶ ಒಂದೊಂದೂ ಬೇರೆ. ಮುನಿಸನ್ನಂತೂ ಇಂಗ್ಲಿಷಿಗೆ ಒಯ್ಯಲು ನನಗೆ ಈವರೆಗೂ ಸಾಧ್ಯವಾಗಿಲ್ಲ, ಏಕೆಂದರೆ ಬಂದು ಸಮಾಧಾನ ಮಾಡಲಿ ಎಂಬ ನಿರೀಕ್ಷೆ ಇರುವವರ ಮೇಲಷ್ಟೇ ನಾವು ಮುನಿಸಿಕೊಳ್ಳುತ್ತೇವೆ. ಬಸ್ಸಿನಲ್ಲಿ ಕಾಲು ತುಳಿದ ಅಪರಿಚಿತನ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ಇಂಡಿಗ್ನೇಶನ್‌ಗೆ ಮಾತ್ರ ಒಂದೇ ಮಾತಿನಲ್ಲಿ ಉತ್ತರ ಸಿಗುವುದಿಲ್ಲ. ‘ಸಾತ್ವಿಕ ಕ್ರೋಧ’ ಎನ್ನುವವರಿದ್ದಾರೆ. ಆ ಮಾತು ನನಗೆ ಇಷ್ಟವೇ, ಆದರೆ ನಾನು ಕೊಟ್ಟ ವಾಕ್ಯದಲ್ಲಿದ್ದ, ಪಕ್ಕದ ಮನೆಯ ಕೆಲಸದಾಕೆಗೆ ಸಂಬಳ ಕೊಡದೆ ಕಳಿಸಿದ್ದನ್ನು ಕಂಡ ಮುದುಕಿಯ ಬಾಯಿಗೆ ಅದು ಭಾರವಾಗುತ್ತದೆ.

ಕೊನೆಯಿಂದ ಮೂರನೆಯ ಪತ್ರಿಕೆಯಲ್ಲಿ, ಇದೇ ವಾಕ್ಯದ ಎದುರು ಒಬ್ಬ ಹುಡುಗಿ ಮೊದಲು ‘ಕೋಪ’ ಎಂದು ಬರೆದು ಹೊಡೆದುಹಾಕಿದ್ದಳು. ಅದರ ಮೇಲೆ ‘ರೋಷ’ ಬರೆದು ಅದನ್ನೂ ಹೊಡೆದಿದ್ದಳು. ಕಾಗದ ಅಲ್ಲಿ ತೆಳುವಾಗಿ ಹರಿಯುವಂತಾಗಿತ್ತು. ಪಕ್ಕದ ಅಂಚಿನಲ್ಲಿ, ಜಾಗ ಸಾಲದೆ ಇಳಿಜಾರಾಗಿ ಹೋದ ಸಣ್ಣ ಅಕ್ಷರಗಳಲ್ಲಿ, ‘ಹೀಗೆ ಮಾಡಬಾರದಿತ್ತು ಎಂದು ಅಜ್ಜಿಯ ಹೊಟ್ಟೆ ಉರಿಯಿತು’ ಎಂದಿತ್ತು. ‘ಹೊಟ್ಟೆ ಉರಿಯಿತು’ ಎಂದರೆ ಅಸೂಯೆ ಎಂದು ಓದುವವರೂ ಇರುತ್ತಾರೆ, ನಿಜ. ಆದರೆ ‘ಹೀಗೆ ಮಾಡಬಾರದಿತ್ತು’ ಎಂಬುದು ಮುಂದೆ ನಿಂತಿರುವುದರಿಂದ ಇಲ್ಲಿ ಆ ಅನುಮಾನಕ್ಕೆ ಎಡೆಯಿಲ್ಲ. ಪೂರ್ಣ ಅಂಕ ಕೊಟ್ಟೆ. ನಾಳೆ ಮೊದಲ ಅವಧಿಯಲ್ಲಿ ಆ ವಾಕ್ಯವನ್ನು ಅವಳಿಂದಲೇ ಓದಿಸಿ, ಹೊಡೆದುಹಾಕಿದ ಎರಡು ಪದಗಳೂ ಏಕೆ ಒಗ್ಗಲಿಲ್ಲ ಎಂದು ಕೇಳಬೇಕು.